ಟಾಕೀಸಮ್ಮನನ್ನು ಹೊಳೆಗೆ ಬಿಟ್ಟದ್ದು

ಹಗರಿಬೊಮ್ಮನಹಳ್ಳಿಯ ಹಳೆ ಟಾಕೀಸಿನ ಗೇಟಿನ ಮುಂದೆ ತಳ್ಳುಗಾಡಿ ಇಟ್ಟುಕೊಂಡು ಬದುಕಿದವನು ನಾನು. ಯಾವ ಪಿಚ್ಚರ್ ಚಲೋ, ಯಾವುದು ಕೆಟ್ಟದ್ದು ಎಂದು ನನ್ನನ್ನು ಕೇಳಬೇಡಿ. ಒಳಗೆ ಕೂತು ಪೂರ್ತಿ ನೋಡಿದ್ದು ಕಡಿಮೆ. ಆದರೆ ಎಂಥ ಪಿಚ್ಚರ್ ಬಂದಿದೆ ಎಂಬುದು ನನ್ನ ಗಾಡಿಯ ಮೇಲೆ ಏನು ಖರ್ಚಾಗುತ್ತಿದೆ ಎನ್ನುವುದರಿಂದಲೇ ತಿಳಿಯುತ್ತಿತ್ತು. ಹೊಡೆದಾಟದ ಪಿಚ್ಚರಿಗೆ ಮಿರ್ಚಿ ಮಂಡಕ್ಕಿ ಹೋಗುತ್ತಿತ್ತು. ಅತ್ತೆ ಸೊಸೆಯನ್ನು ಗೋಳುಹೊಯ್ದುಕೊಳ್ಳುವ ಪಿಚ್ಚರಿಗೆ ಸೋಡಾ, ಏಕೆಂದರೆ ಅತ್ತು ಅತ್ತು ಹೆಂಗಸರ ಗಂಟಲು ಒಣಗಿರುತ್ತಿತ್ತು. ಹಾವು ಸೇಡು ತೀರಿಸಿಕೊಳ್ಳುವ ಪಿಚ್ಚರಿಗೆ ಶೇಂಗಾ. ಹೆದರಿಕೆಯಾದರೆ ಮನುಷ್ಯನಿಗೆ ಬಾಯಿ ಆಡಿಸುತ್ತಿರಬೇಕು ಅನ್ನಿಸುತ್ತದೆ. ದೇವಿ ಪಿಚ್ಚರ್ ಬಂದಾಗ ಮಾತ್ರ ನಾನು ಮಿರ್ಚಿಯ ಬಾಣಲೆ ಇಳಿಸಿ, ಗಾಡಿ ತೊಳೆದು, ತೆಂಗಿನಕಾಯಿ, ನಿಂಬೆಹಣ್ಣು, ಬೇವಿನಸೊಪ್ಪು ಇಡುತ್ತಿದ್ದೆ.

ಹಾವಿನ ಪಿಚ್ಚರು, ಅತ್ತೆ ಸೊಸೆ ಪಿಚ್ಚರು, ದೇವಿ ಪಿಚ್ಚರು, ಯಾವುದೂ ಈಗ ಬರುವುದಿಲ್ಲ. ಹೋಗಲಿ ಬಿಡಿ, ಅವನ್ನು ನೆನೆದು ಎದೆ ಬಡಿದುಕೊಳ್ಳುವವನು ನಾನಲ್ಲ. ಆದರೆ ಅವು ಹೋದದ್ದರಿಂದ ನಿಜವಾಗಿ ಬರಿಗೈ ಆದ ಒಬ್ಬಳು ನನಗೆ ಗೊತ್ತು. ಅವಳು ಟಾಕೀಸಿನ ಕಸ ಹೊಡೆಯುತ್ತಿದ್ದ ಅಂಜಿನಕ್ಕ.

ಅಂಜಿನಕ್ಕನ ತವರು ಕೋಗಳಿ. ಗಂಡ ಕಲ್ಲುಕ್ವಾರಿಯಲ್ಲಿ ತೀರಿಕೊಂಡ ಮೇಲೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಟಾಕೀಸಿಗೆ ಬಂದಳು. ಆಟ ಬಿಟ್ಟ ಮೇಲೆ ಬೆಂಚುಗಳ ಕೆಳಗಿನ ಸಿಪ್ಪೆ, ಬೀಡಿ ತುಂಡು ಗುಡಿಸುವುದು ಅವಳ ಕೆಲಸ. ಅವಳದು ಊರಮ್ಮನ ಗುಡಿಯ ಕಟ್ಟೆ ಹತ್ತದ ಮನೆತನ. ಹತ್ತಬೇಡ ಎಂದು ಬೋರ್ಡೇನೂ ಹಾಕಿಲ್ಲ. ಆದರೂ ಇವರು ಹತ್ತುವುದಿಲ್ಲ, ಅವರು ಕರೆಯುವುದಿಲ್ಲ. ಕಾಯಿ ಕೆಳಗಿನಿಂದಲೇ ಕೊಟ್ಟು, ಕೆಳಗಿನಿಂದಲೇ ಇಸಿದುಕೊಂಡು ಬರುವುದು ರೂಢಿ.

ಹೀಗಿರುವಾಗ ಒಂದು ದೇವಿ ಪಿಚ್ಚರ್ ಬಂತು. ಟಾಕೀಸಿನ ಮಾಲೀಕ ಮರುಳಪ್ಪ ಸಾವ್ಕಾರರು ಹರಪನಹಳ್ಳಿಯಿಂದ ಪೇಂಟರ್ ಹೊನ್ನೂರಸ್ವಾಮಿಯನ್ನು ಕರೆಸಿ ಪ್ಲೈವುಡ್ಡಿನಲ್ಲಿ ಆಳೆತ್ತರದ ದೇವಿ ಕಟೌಟ್ ಮಾಡಿಸಿದರು. ಒಂದು ಕೈಯಲ್ಲಿ ತ್ರಿಶೂಲ, ಇನ್ನೊಂದು ಕೈ ಹೆದರಬೇಡ ಎನ್ನುವಂತೆ ಎತ್ತಿದ್ದು. ಮುಖ ಮಾತ್ರ ಆ ಪಿಚ್ಚರಿನ ನಟಿಯದೇ. ಟಿಕೆಟ್ ಕಿಟಕಿಯ ಪಕ್ಕ ನಿಲ್ಲಿಸಿದ ದಿನವೇ ಯಾರೋ ಮುದುಕಿ ಅದರ ಪಾದಕ್ಕೆ ಕುಂಕುಮ ಹಚ್ಚಿದಳು. ಸಂಜೆಯ ಆಟದ ಹೊತ್ತಿಗೆ ಕಾಯಿ ಒಡೆಯಲು ಸಾಲು ನಿಂತಿತ್ತು. ಸಾವ್ಕಾರರು ವ್ಯಾಪಾರಸ್ಥರು; ಸುತ್ತ ನೋಡಿದರು, ಕೈ ಬಿಡುವಿದ್ದ ಹೆಂಗಸು ಒಬ್ಬಳೇ ಕಂಡಳು.

"ಅಂಜಿನಕ್ಕ, ಮೈ ತೊಳಕೊಂಡಿ ಇಲ್ಲ? ಹಂಗಾರ ಆರತಿ ತಟ್ಟಿ ನೀನೇ ಹಿಡಿ" ಎಂದರು.

ಅಷ್ಟೇ. ಊರಿನ ಯಾವ ಹಿರಿಯರೂ ಸೇರಲಿಲ್ಲ, ಯಾವ ಮಂತ್ರವೂ ಆಗಲಿಲ್ಲ. ಕಟೌಟು ಟಾಕೀಸಮ್ಮ ಆದಳು, ಕಸ ಹೊಡೆಯುವವಳು ಅವಳ ಪೂಜಾರಿ ಆದಳು. ಪಿಚ್ಚರ್ ಹೋಯಿತು, ಅಮ್ಮ ಉಳಿದಳು. ಒಮ್ಮೆ ಕುಂಕುಮ ಕಂಡ ಹಲಗೆಯನ್ನು ಗೋದಾಮಿಗೆ ಒಗೆಯುವ ಧೈರ್ಯ ಸಾವ್ಕಾರರಿಗೂ ಇರಲಿಲ್ಲ. ಮುಂದಿನ ಎಲ್ಲ ದೇವಿ ಪಿಚ್ಚರುಗಳಿಗೂ ಅವಳೇ ನಿಂತಳು.

ಅಂಜಿನಕ್ಕನ ನಿಜವಾದ ಕೆಲಸ ಇದ್ದದ್ದು ಪಿಚ್ಚರಿನ ಕೊನೆಯ ಭಾಗದಲ್ಲಿ. ತೆರೆಯ ಮೇಲೆ ದೇವಿ ರೌದ್ರಾವತಾರ ತಾಳಿ ಡೋಲು ಬಡಿಯತೊಡಗಿದರೆ ಹೆಂಗಸರ ಕಡೆಯಿಂದ ಒಂದು ಕೂಗು ಏಳುತ್ತಿತ್ತು. ಯಾರದೋ ಮೈಮೇಲೆ ಅಮ್ಮ ಬಂದಿರುತ್ತಿದ್ದಳು. ಹೆರಳು ಬಿಚ್ಚಿ, ಹಲ್ಲು ಕಡಿದು, ಮುಂದಿನ ಬೆಂಚನ್ನು ಹಿಡಿದು ಅಲ್ಲಾಡಿಸುವ ಆ ಹೆಂಗಸನ್ನು ಮುಟ್ಟಲು ಗಂಡನೂ ಹೆದರುತ್ತಿದ್ದ. ಅಂಜಿನಕ್ಕ ತಟ್ಟೆ ಹಿಡಿದು ಕತ್ತಲಲ್ಲೇ ಹೋಗುತ್ತಿದ್ದಳು. ಬೇವಿನಸೊಪ್ಪಿನಿಂದ ಮುಖಕ್ಕೆ ಅರಿಷಿಣದ ನೀರು ಚಿಮುಕಿಸಿ, ಕೈಗೆ ನಿಂಬೆಹಣ್ಣು ಕೊಟ್ಟು, ಕಿವಿಯ ಹತ್ತಿರ ಬಾಗಿ ಹೇಳುತ್ತಿದ್ದಳು.

"ಬಂದ ಕೆಲಸ ಆತವ್ವ. ಇನ್ನ ನಿನ್ನ ಜಾಗಕ್ಕ ನೀ ಹೋಗು. ಮಗಳ ಮೈ ಬಿಡು."

ಎಂಥ ಅಬ್ಬರವಿದ್ದರೂ ಆ ಮಾತಿಗೆ ಇಳಿಯುತ್ತಿತ್ತು. ನಾನು ಬಾಗಿಲ ಪರದೆ ಸರಿಸಿ ಎಷ್ಟೋ ಸಲ ನೋಡಿದ್ದೇನೆ. ಇಳಿದ ಮೇಲೆ ಆ ಹೆಂಗಸು ಅಂಜಿನಕ್ಕನ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಮನೆಗೆ ಕರೆದು ನೀರು ಕೊಡದವರು ಅವಳ ಕೈಯಿಂದ ಕುಂಕುಮ ಹಚ್ಚಿಸಿಕೊಂಡು, ಬಗ್ಗಿ ಕಾಲು ಮುಟ್ಟಿ ಹೋಗುತ್ತಿದ್ದರು. ಮರುದಿನ ಸಂತೆಯಲ್ಲಿ ಎದುರಾದರೆ ಗುರುತು ಹಿಡಿಯುತ್ತಿರಲಿಲ್ಲ, ಅದು ಬೇರೆ ಮಾತು.

ನನಗೆ ಬಾಯಿಚಟ. ಒಂದು ಸಲ ಕೇಳಿಯೇಬಿಟ್ಟೆ. "ಅಲ್ಲಬೇ ಅಕ್ಕ, ಖರೇನ ಬರ್ತಾಳ ಅಮ್ಮ? ಆ ನಟಿ ಮಖ ನೋಡಿ?"

"ಬರ್ತಾಳೋ ಬಿಡ್ತಾಳೋ, ಅಕೀಗೇ ಗೊತ್ತು" ಎಂದಳು ಅಂಜಿನಕ್ಕ. "ಮನ್ಯಾಗ ಅತ್ರ ಯಾಕ ಅಳ್ತಿ ಅಂತಾರ. ಇಲ್ಲಿ ಯಾರೂ ಕೇಳಂಗಿಲ್ಲ. ಪಾಪ, ಅತ್ತು ಹಗುರಾಗಿ ಹೋಗ್ತಾವು."

"ನಿನ್ನ ಮೈಮ್ಯಾಲೆ ಯಾಕ ಬರವಲ್ಲಳು ಮತ್ತ?"

"ನಾ ತಟ್ಟಿ ಹಿಡ್ದಾಕಿ. ನನಗ ಬಂದ್ರ ಇಳಸಾವರ ಯಾರು?" ಎಂದು ನಕ್ಕಳು.

ಆಮೇಲೆ ಟೀವಿಯ ಕಾಲ ಬಂತು. ದೇವಿ ದಿನಾ ಸಂಜೆ ಮನೆಮನೆಗೇ ಬರತೊಡಗಿದಳು, ನಡುನಡುವೆ ಸೋಪಿನ ಜಾಹೀರಾತು ಬೇರೆ. ಅನ್ನಕ್ಕಿಡುತ್ತಾ ನೋಡುವ ದೇವಿಯನ್ನು ಕಂಡು ಯಾರ ಮೈಮೇಲೆ ಏನು ಬಂದೀತು? ಹೆಂಗಸರು ಟಾಕೀಸಿಗೆ ಬರುವುದು ನಿಂತಿತು. ಮಚ್ಚು ಹಿಡಿದ ಹೀರೋಗಳು ಗೇಟಿನ ಮೇಲೆ ಏರಿದರು. ಅವರ ಕಾಲಕೆಳಗೆ, ಮೂಲೆಯಲ್ಲಿ, ಟಾಕೀಸಮ್ಮ. ಅಂಜಿನಕ್ಕ ಮಂಗಳವಾರ, ಶುಕ್ರವಾರ ದೀಪ ಹಚ್ಚುವುದನ್ನು ಬಿಡಲಿಲ್ಲ. ಆ ಎರಡು ದಿನ ಒಪ್ಪತ್ತು ಊಟ. ಕೊರೊನಾದಲ್ಲಿ ಟಾಕೀಸಿಗೆ ಬಿದ್ದ ಬೀಗ ಮತ್ತೆ ತೆಗೆಯಲಿಲ್ಲ. ನಾನು ಎದುರಿಗೇ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಹಾಕಿಕೊಂಡೆ. ಅವಳು ಮಾತ್ರ ಹಿಂಬಾಗಿಲ ಕೀಲಿ ತಗೊಂಡು ಬಂದು, ಆ ಹಾಳುಬಿದ್ದ ಕಟ್ಟಡದಲ್ಲಿ ಯಾರೂ ನೋಡದ ದೇವರಿಗೆ ದೀಪ ಹಚ್ಚಿ ಹೋಗುತ್ತಿದ್ದಳು. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅಂತ ಹೇಳಲಾರೆ.

ಮೊನ್ನೆ ಚಳಿ ಮುಗಿಯುವ ಹೊತ್ತಿಗೆ ಮರುಳಪ್ಪನವರ ಮಗ ಪ್ರವೀಣಕುಮಾರ್ ಟಾಕೀಸು ಕೆಡವಿ ಕಾಂಪ್ಲೆಕ್ಸ್ ಕಟ್ಟಲು ಜೆಸಿಬಿ ತರಿಸಿದ. ಡ್ರೈವರ್ ಒಳಗೆ ಹೋದವನು ಹಾಗೇ ಹೊರಗೆ ಬಂದ. "ಮೊದ್ಲು ಅಮ್ಮನ್ನ ತೆಗೀರಿ ಸಾರ್. ಅಲ್ಲೀತನ ನಾನು ಬಕೆಟ್ ಎತ್ತಂಗಿಲ್ಲ" ಎಂದು ಬೀಡಿ ಹಚ್ಚಿ ಕೂತ. ಕೂಲಿಯವರೂ ಮುಟ್ಟಲಿಲ್ಲ. ಪ್ರವೀಣಕುಮಾರ್ ಕೆಟ್ಟವನಲ್ಲ. ಅಂಜಿನಕ್ಕನನ್ನು ಕರೆಸಿ, "ಅಕ್ಕ, ಇಷ್ಟು ವರ್ಷ ನೀವ ನೋಡ್ಕೊಂಡೀರಿ. ಎಲ್ಲೆರ ಒಂದು ಛಲೋ ಜಾಗಾ ನೋಡಿ ಇಡ್ರಿ. ಭಾನುವಾರದತನ ತಡೀತೀನಿ" ಎಂದ.

ಅಂಜಿನಕ್ಕನಿಗೆ ಬೇಕಾದದ್ದು ದೊಡ್ಡದೇನಲ್ಲ. ಒಂದು ಗೋಡೆ, ಅದರ ಮುಂದೆ ದೀಪ ಇಡುವಷ್ಟು ನೆಲ. ಅದು ಸಿಗದಿದ್ದರೆ ಟಾಕೀಸಮ್ಮ ಹಳೆ ಬೆಂಚುಗಳ ಜೊತೆ ಒಲೆಗೆ ಹೋಗುವುದು ಖಂಡಿತ ಎಂದು ಅವಳಿಗೆ ಗೊತ್ತಿತ್ತು. ಮೊದಲು ಮನೆಯಲ್ಲಿ ಕೇಳಿದಳು. ಸೊಸೆ ಗೀತಮ್ಮ ಜಗಳಗಂಟಿಯಲ್ಲ, ಆದರೂ ಒಪ್ಪಲಿಲ್ಲ. "ಅತ್ತಿ, ಅಕೀ ಊರ ಮಂದಿ ದುಃಖ ಎಲ್ಲಾ ಕುಡುದು ನಿಂತಾಕಿ. ಸಣ್ಣ ಹುಡುಗ್ರಿರೋ ಮನಿ ನಮ್ದು. ಬ್ಯಾಡ್ರಿ" ಎಂದಳು.

ಆಮೇಲೆ ಊರಮ್ಮನ ಗುಡಿಗೆ ಹೋದಳು. ಜೊತೆಗೆ ನಾನೂ ಹೋದೆ. ಅವಳು ಕಟ್ಟೆಯ ಕೆಳಗೇ ನಿಂತಳು. ಪೂಜಾರಿ ಬೊಮ್ಮಪ್ಪ ಮೇಲಿನಿಂದ ಕೇಳಿಸಿಕೊಂಡ.

"ಅದು ದೇವರಲ್ಲ ಅಂಜಿನಕ್ಕ, ಬಣ್ಣದ ಹಲಿಗಿ" ಎಂದ. "ಪಿಚ್ಚರ್‌ದಾಕಿನ್ನ ತಂದು ಊರಮ್ಮನ ಬಾಜೂ ನಿಂದ್ರಸಾಕ ಆಕ್ಕೈತೇನು?"

"ದೇವರಲ್ಲಂದ್ರ ಒಲಿಗೆ ಹಾಕ್ಲೇನ್ರಿ?" ಎಂದು ನಾನು ಕೇಳಿದೆ.

ಬೊಮ್ಮಪ್ಪ ಗಾಬರಿಯಾದ. "ಥೂ! ಏನ್ ಮಾತಾಡ್ತಿಯಲೇ ಪಾಲಾಕ್ಷ! ಅಷ್ಟು ಮಂದಿ ಕುಂಕ್ಮ ಏರ್ಸ್ಯಾರ, ಬೆಂಕಿಗೆ ಹಾಕಬಾರ್ದು. ಹೊಳಿಗೆ ಬಿಡ್ರಿ. ಡ್ಯಾಮಿನ ಹಿನ್ನೀರಿಗೆ ಬ್ಯಾಡ, ಅದು ನಿಂತ ನೀರು. ಹರಿಯೋ ನೀರಿಗೆ ಬಿಡ್ರಿ."

ಗುಡಿಯೊಳಗಿಡಲು ದೇವರಲ್ಲ, ಒಲೆಗೆ ಹಾಕಲು ಹಲಗೆಯಲ್ಲ. "ನನ್ನ ಅಂಗಡಿ ಹಿಂದ ಇಡಕ್ಕ, ಜಾಗ ಮಾಡಿಕೊಡ್ತೀನಿ" ಎಂದೆ. ಅವಳು ಬಂದು ನೋಡಿದಳು. ಚಾವಣಿಯವರೆಗೂ ಬಕೆಟು, ಕೊಡ, ಡಬ್ಬಿಗಳ ರಾಶಿ. "ಇಲ್ಲಿ ದೀಪ ಹಚ್ಚಿದ್ರ ನಿನ್ನ ಅಂಗಡಿ ಉಳಿತೈತೇನೋ ತಮ್ಮ? ದೀಪ ಇಲ್ದ ಮೂಲ್ಯಾಗ ನಿಂದ್ರೋಕಿಂತ ಹೊಳೀನ ಛಲೋ" ಎಂದಳು. ಅವಳು ಸರಿಯಾಗಿಯೇ ಹೇಳಿದ್ದಳು.

ಭಾನುವಾರ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಹೊರಟೆವು. ಹಡಗಲಿ ದಾಟಿ ಮಾಗಳಕ್ಕೆ, ಅಲ್ಲಿ ತುಂಗಭದ್ರೆ ಹರಿಯುತ್ತಾಳೆ. ಅಂಜಿನಕ್ಕ ಹಿಂದೆ ಅಮ್ಮನ ಜೊತೆಗೇ ಕೂತಳು. ಕಟೌಟಿಗೆ ತನ್ನ ಮದುವೆಯ ಸೀರೆ ಹೊದಿಸಿದ್ದಳು. ಮಡಿಲಲ್ಲಿ ಆರತಿ ತಟ್ಟೆ, ಬೇವಿನಸೊಪ್ಪು, ನಿಂಬೆಹಣ್ಣು. ನಾನು ಬಹಳ ವರ್ಷಗಳ ಮೇಲೆ ಒಂದು ತೆಂಗಿನಕಾಯಿ ತಂದಿದ್ದೆ.

ಹೊಳೆ ಸೊರಗಿತ್ತು. ಮರಳು ದಾಟಿ ಹೋದರೆ ಒಂದು ಕವಲಿನಲ್ಲಿ ನೀರು ಹರಿಯುತ್ತಿತ್ತು. ನಾನು ಕಾಯಿ ಒಡೆದೆ, ಅವಳು ಆರತಿ ಎತ್ತಿದಳು. ಕಟೌಟಿನ ಹಣೆಗೆ ಕುಂಕುಮ ಹಚ್ಚಿ, ಇಬ್ಬರೂ ಹಿಡಿದು ಮೊಣಕಾಲು ಮಟ ನೀರಿಗಿಳಿದು ಬಿಟ್ಟೆವು.

ಟಾಕೀಸಮ್ಮ ಮುಳುಗಲಿಲ್ಲ.

ಕಲ್ಲಿನ ದೇವರು ಮುಳುಗುತ್ತದೆ, ಮಣ್ಣಿನ ಗಣಪ್ಪ ಕರಗುತ್ತಾನೆ. ನಾವು ನೋಡಿದ್ದು ಅಷ್ಟೇ. ಹಲಗೆ ತೇಲುತ್ತದೆ ಎಂಬ ಸಣ್ಣ ಮಾತು ಪೂಜಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅಮ್ಮ ಮುಖ ಮೇಲೆ ಮಾಡಿ, ಎತ್ತಿದ ಕೈ ಎತ್ತಿದಂತೆಯೇ, ನೀರಮೇಲೆ ಮಲಗಿದಳು. ಎದುರುಗಾಳಿ ಬೇರೆ. ಮೆಲ್ಲಗೆ ತಿರುಗಿ ಬಂದು ಅಂಜಿನಕ್ಕನ ಮೊಣಕಾಲಿಗೆ ಬಡಿದಳು.

ಅಂಜಿನಕ್ಕ ತಳ್ಳಿದಳು. "ಬಂದ ಕೆಲಸ ಆತವ್ವ" ಎಂದಳು. "ಇನ್ನ ನಿನ್ನ ಜಾಗಕ್ಕ ನೀ ಹೋಗು."

ಅಮ್ಮ ಮತ್ತೆ ಬಂದಳು. ಅಂಜಿನಕ್ಕ ಇನ್ನೂ ಆಳಕ್ಕೆ ಹೋಗಿ ಬಿಟ್ಟಳು. ಅದೇ ಮಾತು ಹೇಳಿದಳು. ಮತ್ತೆ ಬಂದಳು. ನಾನು ದಡದಲ್ಲಿ ಬಿದ್ದಿದ್ದ ಒಂದು ಗುಂಡುಕಲ್ಲು ಎತ್ತಿಕೊಂಡು, "ಸೀರಿ ಸೆರಗಿಗೆ ಇದನ್ನ ಕಟ್ಟಿ ಬಿಡೂಣಕ್ಕ, ಮುಳುಗ್ತಾಳ" ಎಂದೆ.

"ಕಲ್ಲು ಕಟ್ಟಿ ಮುಳುಗ್ಸಾಕ ಕೊಂದ ಹೆಣ ಏನೋ ಇದು!" ಎಂದು ಅವಳು ಚೀರಿದಳು. ಅವಳ ಅಂಥ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮತ್ತೆ ಹಲಗೆಯ ಕಡೆ ತಿರುಗಿ, ಸೊಂಟದ ಮಟ ನೀರಿನಲ್ಲಿ ನಿಂತು, ಎರಡೂ ಕೈಯಿಂದ ಅದನ್ನು ದೂಡುತ್ತಾ, "ಹೋಗಬೇ! ನಿನಗೆಲ್ಲೂ ಜಾಗಿಲ್ಲ. ಬಾ ಅನ್ನಾರು ಒಬ್ರೂ ಇಲ್ಲ. ಹೋಗು!" ಎಂದು ಕೂಗಿದಳು. ತುರುಬು ಬಿಚ್ಚಿ ಬಿತ್ತು. ಮೈ ಗಡಗಡ ನಡುಗತೊಡಗಿತು. ಹಲ್ಲು ಕಟಕಟ ಎಂದವು. ಬಾಯಿಂದ ಬಂದ ಕೂಗು ಟಾಕೀಸಿನ ಕತ್ತಲಲ್ಲಿ ಏಳುತ್ತಿದ್ದ ಅದೇ ಕೂಗು.

ನನ್ನ ಜೀವವೇ ಹಾರಿಹೋಯಿತು. ಇಷ್ಟು ವರ್ಷ ಎಲ್ಲರ ಮೈಮೇಲಿನ ಅಮ್ಮನನ್ನು ಇಳಿಸಿದವಳ ಮೈಮೇಲೆ ಈಗ ಬಂದಿದ್ದಾಳೆ, ಇಳಿಸಲು ನಾನೊಬ್ಬನೇ ಇದ್ದೇನೆ ಅನ್ನಿಸಿತು. ಮರಳಿನ ಮೇಲಿದ್ದ ಬೇವಿನಸೊಪ್ಪು, ನಿಂಬೆಹಣ್ಣು ಎತ್ತಿಕೊಂಡು ನೀರಿಗೆ ಓಡಿದೆ. ಹೊಳೆಯ ನೀರನ್ನೇ ಅವಳ ಮುಖಕ್ಕೆ ಚಿಮುಕಿಸಿದೆ. ನಿಂಬೆಹಣ್ಣನ್ನು ಅಂಗೈಗೆ ಒತ್ತಿದೆ. ಕಿವಿಯ ಹತ್ತಿರ ಬಾಗಿ, ಜೀವಮಾನವೆಲ್ಲ ಒಳಗೊಳಗೇ ಗೇಲಿ ಮಾಡಿಕೊಂಡು ಬಂದ ಆ ಮಾತನ್ನು ಹೇಳಿದೆ.

"ಬಂದ ಕೆಲಸ ಆತು ತಾಯಿ. ಇನ್ನ ನಿನ್ನ ಜಾಗಕ್ಕ ನೀ ಹೋಗು. ಅಂಜಿನಕ್ಕನ ಮೈ ಬಿಡು."

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಆ ಕಣ್ಣಿನಲ್ಲಿ ಯಾವ ದೇವರೂ ಇರಲಿಲ್ಲ.

"ಯಾರನ್ನ ಹೋಗು ಅಂತಿಯೋ ಪಾಲಾಕ್ಷ?" ಎಂದಳು. "ನನ್ನ ಮೈಯಾಗ ಯಾರೂ ಬಂದಿಲ್ಲಪ್ಪ. ಇದು ನಂದ ಅಳು."

ನಿಂಬೆಹಣ್ಣು ಅವಳ ಕೈಯಿಂದ ಜಾರಿ ನೀರಿಗೆ ಬಿತ್ತು. ಅದೂ ತೇಲಿತು.