ಆಪತ್ತಿನಲ್ಲಿ ತಿಳಿಸಬೇಕಾದವರು

ಶತ್ರುದೇಶದ ವಿಮಾನ ಬಂದರೆ ಬಳ್ಳಾರಿ ಜಿಲ್ಲೆ ಏನು ಮಾಡಬೇಕು ಎಂದು ಯೋಜನೆ ಹಾಕುವ ಒಂದು ಸಣ್ಣ ಸರ್ಕಾರಿ ವಿಭಾಗದಲ್ಲಿ ನಾನು ಬೆರಳಚ್ಚುಗಾರನಾಗಿದ್ದೆ. ಕೋಟೆ ಗುಡ್ಡದ ಕೆಳಗೆ ಎರಡು ಕೋಣೆ. ಗೋಡೆಯ ಮೇಲೆ ಜಿಲ್ಲೆಯ ನಕಾಶೆ. ಅದರಲ್ಲಿ ರೈಲ್ವೆ ಸೇತುವೆ, ಕಾಲುವೆಯ ತೂಬು, ಅಕ್ಕಿ ಗಿರಣಿಗಳಿದ್ದ ಕಡೆಯೆಲ್ಲ ಕೆಂಪು ತಲೆಯ ಗುಂಡುಸೂಜಿ. ಕೆಂಪು ಎಂದು ಬರೆದೆ. ಅಂಥ ಸೂಜಿ ಎಪ್ಪತ್ತೊಂದರಲ್ಲಿ ನಮ್ಮ ಕಚೇರಿಗೆ ಬರುತ್ತಿತ್ತೇ? ಬಹುಶಃ ಬರಿಯ ಸೂಜಿಗಳೇ ಇದ್ದವು, ಬಣ್ಣ ನಾನು ಆಮೇಲೆ ಹಚ್ಚಿದ್ದು. ನನ್ನ ನೆನಪನ್ನು ಅಷ್ಟರ ಮಟ್ಟಿಗೇ ನಂಬಬೇಕು.

ಯೋಜನೆಗೆ ಜನ ಬೇಕಿತ್ತು. ಸೈರನ್ ಕೂಗಿದರೆ ಬೀದಿಯ ದೀಪ ಆರಿಸಿ, ಜನರನ್ನು ಕಂದಕಕ್ಕೆ ಇಳಿಸುವ ವಾರ್ಡನ್‌ಗಳು ಪ್ರತಿ ಊರಿನಲ್ಲೂ ಇರಬೇಕು. ಅದಕ್ಕಾಗಿ ಜೀಪಿಗೆ ಮೈಕು ಕಟ್ಟಿಕೊಂಡು ನಾನೂ ನಮ್ಮ ಸಾಹೇಬರೂ ಊರೂರು ತಿರುಗಿದೆವು. ಅವರು ಸೈನ್ಯದಿಂದ ನಿವೃತ್ತರಾಗಿ ಬಂದವರು, ಮಾತು ಕಡಿಮೆ.

ಕುರುಗೋಡಿನಲ್ಲಿ ಒಬ್ಬ ಮುದುಕಿ ಸಾಹೇಬರ ಭಾಷಣವನ್ನು ಪೂರ್ತಿ ಕೇಳಿ, "ಯಪ್ಪಾ, ನಮ್ಮೂರಿಗೆ ಬಸ್ಸ ಬಂದ್ರ ಬಂತು, ಇಲ್ಲಾಂದ್ರ ಇಲ್ಲ. ಇಮಾನ ಎಷ್ಟು ಗಂಟೇಕ ಐತಿ ಹೇಳು, ಒಲಿ ಆರಸ್ತೀನಿ" ಅಂದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರೂ ಹೆಸರು ಬರೆಸಲಿಲ್ಲ.

ಸಿರುಗುಪ್ಪದಲ್ಲೂ ಮೊದಲು ಹಾಗೆಯೇ ಆಯಿತು. ಸರ್ಕಾರದ ಕಾಗದಕ್ಕೆ ಸುಮ್ಮನೆ ಯಾರು ಸಹಿ ಹಾಕುತ್ತಾರೆ? ಆಗ ಹಿಂದಿನಿಂದ ಒಬ್ಬರು ಎದ್ದರು. ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು, ಐವತ್ತು ದಾಟಿದವರು, ಊರಿಗೆಲ್ಲ ಚಾಚಾ.

"ಮೂವತ್ತು ವರ್ಷ ಬೆಂಕಿ ಜೋಡಿ ಸಂಸಾರ ಮಾಡೀನಿ. ಆರಸಾಕ ನನಗ ಬರಂಗಿಲ್ಲೇನ್ರಿ? ಬರೀರಿ ನನ್ನ ಹೆಸರು."

ಅವರು ಬರೆಸಿದ ಮೇಲೆ ಇನ್ನೂ ಏಳೆಂಟು ಮಂದಿ ಬರೆಸಿದರು.

ಮರುದಿನ ಫಾರಂ ತುಂಬಲು ಅವರ ಅಂಗಡಿಗೆ ಹೋದೆ. ಕೊನೆಯ ಕಾಲಂ: ಆಪತ್ತು ಸಂಭವಿಸಿದಲ್ಲಿ ತಿಳಿಸಬೇಕಾದ ರಕ್ತಸಂಬಂಧಿಯ ಹೆಸರು ಮತ್ತು ವಿಳಾಸ. ಮುಂದಿನದನ್ನು ನಾನು ಬಹಳ ವರ್ಷ ಹೀಗೆ ಹೇಳಿಕೊಂಡು ಬಂದೆ: ಚಾಚಾ ಎದ್ದು ಒಳಗೆ ಹೋದರು, ಬಿಸ್ಕೀಟಿನ ಡಬ್ಬಿಯಿಂದ ಒಂದು ಹಳೆಯ ಲಕೋಟೆ ತಂದರು, ಕರಾಚಿಯಲ್ಲಿರುವ ತಂಗಿಯ ವಿಳಾಸ ತಾವಾಗಿಯೇ ಬರೆಸಿದರು.

ಅದು ಸುಳ್ಳು. ಫಾರಂನ ಆ ಕಾಲಂನಲ್ಲಿ ಮೊದಲು 'ಇಲ್ಲ' ಎಂದು ಬರೆದು ಹೊಡೆದುಹಾಕಿತ್ತು. ಅಕ್ಷರವೂ ನನ್ನದೇ, ಹೊಡೆದದ್ದೂ ನಾನೇ. ಹಾಗಾದರೆ ನಡೆದದ್ದು ಹೀಗಿರಬೇಕು:

"ಯಾರೂ ಇಲ್ಲ ಅಂತ ಬರೀರಿ. ಹೆಂಡ್ತಿ ಹೋದ್ಲು, ಮಕ್ಕಳಾಗ್ಲಿಲ್ಲ."

"ಹಂಗ ಬರದ್ರ ಮ್ಯಾಲಿಂದ ವಾಪಸ್ ಬರ್ತೈತಿ ಚಾಚಾ. ಯಾರರ ಒಬ್ಬರ ಹೇಳ್ರಿ."

"ಬಾಜೂಕಿನ ಟೇಲರ್‌ನ ಬರಕೋರಿ. ಸತ್ರ ಹೊರಾಂವ ಅವನ."

"ರಕ್ತಸಂಬಂಧ ಇರಬೇಕ್ರಿ."

ಅವರು ಒಲೆಯ ತಿದಿ ಒತ್ತುವುದನ್ನು ನಿಲ್ಲಿಸಿ ಕೇಳಿದರು: "ತಂಗಿ ಅದಾಳ. ಲಗ್ನಾಗಿ ಆ ಕಡಿ ಹೋದಾಕಿ. ನಾ ಸತ್ರ ಸರ್ಕಾರ ಅಕಿಗೆ ಕಾಗದ ಬರೀತೈತೇನ್ರಿ ಕ್ಲರ್ಕ್ ಸಾಹೇಬ್ರ?"

"ಬರೀತೈತಿ," ಎಂದೆ. ಲಕೋಟೆ ಬಂದದ್ದು ಆಮೇಲೆ. ಫಾರಂ ತುಂಬಿತ್ತಲ್ಲ ಎಂದು ನನಗೆ ಸಮಾಧಾನವಾಗಿತ್ತು.

ಅವರಿಗೆ ತೋಳಪಟ್ಟಿ, ಸೀಟಿ, ಬ್ಯಾಟರಿ ಕೊಟ್ಟೆವು. ದೀಪ ಆರಿಸುವ ಅಭ್ಯಾಸದ ಸಂಜೆ ಚಾಚಾ ಮೊದಲು ತಮ್ಮ ಒಲೆಗೇ ಹಸಿ ಗೋಣಿಚೀಲ ಹೊದಿಸಿ ಬೀದಿಗಿಳಿದರು. "ಏ ಗೌಡ್ರ, ಲೈಟ್ ಆರಸ್ರಿ, ವೈರಿಗೆ ನಿಮ್ಮ ಮೀಸಿ ಕಾಣ್ತೈತಿ!" ಸಾಹೇಬರು ಸಿರುಗುಪ್ಪವನ್ನು ಮಾದರಿ ಊರೆಂದು ವರದಿ ಬರೆಸಿದರು. ಬೆರಳಚ್ಚು ಮಾಡಿದವನು ನಾನು.

ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ಗಡಿಯಾಚೆ ಹತ್ತಿರದ ಸಂಬಂಧಿಕರಿರುವವರ ಪಟ್ಟಿ ಕೂಡಲೇ ಬೇಕು ಎಂದು ಮೇಲಿನಿಂದ ಆದೇಶ ಬಂತು. ಅಂಥವರು ತಾಲ್ಲೂಕಿನಲ್ಲಿ ಇನ್ನೂ ಕೆಲವರಿದ್ದರು, ಎಲ್ಲರಿಗೂ ಗೊತ್ತಿತ್ತು. ಆದರೆ ಅವರ್ಯಾರೂ ಅದನ್ನು ಸರ್ಕಾರದ ಕಾಗದದಲ್ಲಿ ಬರೆಸಿರಲಿಲ್ಲ. ವಾರ್ಡನ್‌ಗಳ ಫೈಲು ತೆರೆದೆ. ಹೊಡೆದುಹಾಕಿದ 'ಇಲ್ಲ'ವನ್ನು ಮತ್ತೆ ನೋಡಿದ್ದು ಅಂದೇ.

"ಇವರು ನಮ್ಮ ವಾರ್ಡನ್ ಅದಾರ್ರಿ ಸಾರ್," ಎಂದೆ.

ಸಾಹೇಬರು ಫಾರಂ ಮೇಲಿಂದ ತಲೆ ಎತ್ತಲಿಲ್ಲ. "ಚಲೋ ಆತು. ಹುಡುಕೋ ತ್ರಾಸಿಲ್ಲ. ಸಂಜಿಗೆ ಎಲ್ಲಿ ನಿಂದರ್ತಾನ ಅಂತ ಡ್ಯೂಟಿ ಚಾರ್ಟಿನಾಗ ಐತಲ್ಲ."

ಚಾರ್ಟು ಕೂಡ ನಾನೇ ಮಾಡಿದ್ದು. ನಾಲ್ಕು ಪ್ರತಿ ಬೇಕೆಂದು ಮೂರು ಕಾರ್ಬನ್ ಇಟ್ಟು ಪಟ್ಟಿ ಟೈಪ್ ಮಾಡಿದೆ. ಬೆರಳು ನಡುಗಿತು ಎಂದು ಬರೆಯಲು ಕೈ ಹೋಗುತ್ತದೆ. ನಡುಗಿರಲಿಕ್ಕಿಲ್ಲ. ಪಟ್ಟಿಯಲ್ಲಿ ಒಂದೂ ತಪ್ಪಿರಲಿಲ್ಲ.

ಗಿರಣಿಯ ಮುಂದೆ, ತೋಳಪಟ್ಟಿ ಕಟ್ಟಿಕೊಂಡು ನಿಂತಿದ್ದಾಗಲೇ ಪೊಲೀಸರು ಅವರನ್ನು ಹಿಡಿದೊಯ್ದರು. ಮಾದರಿ ಊರಿನ ದೀಪಗಳೆಲ್ಲ ಆರಿದ್ದವು. ಯಾರೂ ನೋಡಲಿಲ್ಲ ಎಂದು ಟೇಲರ್ ಆಮೇಲೆ ಹೇಳಿದ. ಯುದ್ಧ ಎರಡು ವಾರದಲ್ಲಿ ಮುಗಿಯಿತು. ಅವರನ್ನು ಬಿಟ್ಟದ್ದು ಬೇಸಿಗೆ ಕಳೆದ ಮೇಲೆ. ಜೈಲು ನನ್ನ ಕಚೇರಿಯಿಂದ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರದಲ್ಲಿತ್ತು. ನಾನು ಹೋಗಲಿಲ್ಲ. ಇದರ ಬಗ್ಗೆ ಮಾತ್ರ ನನ್ನಲ್ಲಿ ಎರಡು ನೆನಪಿಲ್ಲ.

ವಾರ್ಡನ್‌ಗಳಿಗೆ ಕೊಟ್ಟ ಸಾಮಾನು ವಾಪಸ್ ಪಡೆಯಲು ಆ ಮಳೆಗಾಲದಲ್ಲಿ ನನ್ನನ್ನೇ ಕಳಿಸಿದರು. ಚಾಚಾರ ಒಲೆಯಲ್ಲಿ ಬೂದಿ ಮಳೆಹನಿ ಬಿದ್ದು ಹೆಪ್ಪುಗಟ್ಟಿತ್ತು. ಪಾತ್ರೆ ತರುವವರಿರಲಿಲ್ಲ. ಅವರು ತೀರ ಬಡಕಲಾಗಿದ್ದರು, ಮಾತಿನ ನಡುವೆ ಕೆಮ್ಮು.

"ಸೀಟಿ, ಬ್ಯಾಟರಿ ಪೊಲೀಸ್ರು ಇಸಕೊಂಡ್ರು. ತೋಳಪಟ್ಟಿ ಹರದೈತಿ," ಎಂದರು. ಮೂರರ ಮುಂದೆಯೂ 'ಕಳೆದಿದೆ' ಎಂದು ಬರೆದು ಸಹಿಗೆ ಕೊಟ್ಟೆ. ಪೆನ್ನು ಹಿಡಿದು ಕೇಳಿದರು:

"ಆ ಕಾಗದ ಹಾಕಿದ್ರೇನ್ರಿ?"

"ಯಾವ ಕಾಗದ?"

"ತಂಗಿಗೆ. ಆಪತ್ತಾದ್ರ ತಿಳಸ್ತೀವಿ ಅಂತ ಬರಕೊಂಡಿದ್ರಲ್ಲ. ಇದೂ ಆಪತ್ತ ಅಲ್ಲೇನ್ರಿ?"

ಚುಚ್ಚಿ ಕೇಳಿದರೋ, ನಿಜವಾಗಿಯೇ ಕೇಳಿದರೋ, ಇವತ್ತಿಗೂ ನನಗೆ ತಿಳಿಯದು. ಜೈಲಿನಲ್ಲಿದ್ದ ಅಷ್ಟೂ ತಿಂಗಳು ಉತ್ತರ ಬರುತ್ತದೆಂದು ಕಾದಿದ್ದರೋ ಏನೋ.

"ಆ ಕಡಿ ಅಂಚೆ ಬಂದ್ ಐತಿ ಚಾಚಾ," ಎಂದೆ. ಅವರನ್ನು ಹಿಡಿಸಿದ ಪಟ್ಟಿ ಟೈಪ್ ಮಾಡಿದವನು ನಾನು ಎಂದು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಕ್ಷಣ ಬರುವಂತಿರಲಿಲ್ಲ.

"ಹಂಗಾದ್ರ ಚಲೋ ಆತು ಬಿಡ್ರಿ. ಗೊತ್ತಾದ್ರ ಅಳ್ತಿದ್ಲು." ಅವರು ಸಹಿ ಹಾಕಿ, ಶಾಯಿ ಒಣಗಲೆಂದು ಕಾಗದದ ಮೇಲೆ ಊದಿ, ನನ್ನ ಕೈಗೆ ಕೊಟ್ಟರು.