ಸರ್, ಎದ್ದು ನಿಂತು ಹೇಳ್ರಿ

ನಾನು ಹತ್ತನೆಯ ತರಗತಿಯವರೆಗೆ ಓದಿದ್ದು ಮಿರಜದ ಕನ್ನಡ ಶಾಲೆಯಲ್ಲಿ. ಅಪ್ಪನಿಗೆ ಸಾಂಗ್ಲಿ ಪೇಟೆಯಲ್ಲಿ ಅರಿಸಿನದ ವ್ಯಾಪಾರ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಎರಡರ ನಡುವೆ ನಮಗೆ ಯಾವತ್ತೂ ತೊಡಕಾಗಿರಲಿಲ್ಲ.

ತೊಡಕು ಶುರುವಾದದ್ದು ಸಾಂಗ್ಲಿಯ ಕಾಲೇಜಿನಲ್ಲಿ. ಮೊದಲ ವಾರವೇ ಭೌತಶಾಸ್ತ್ರದ ಪ್ರಾಧ್ಯಾಪಕರು ನನ್ನನ್ನು ಎಬ್ಬಿಸಿ ಪ್ರಶ್ನೆ ಕೇಳಿದರು. ಉತ್ತರ ಗೊತ್ತಿತ್ತು. ಆದರೆ ಗಡಿಬಿಡಿಯಲ್ಲಿ ಮರಾಠಿಯ ‘ಘರ್ಷಣ’ದ ಬದಲು ‘ಘರ್ಷಣೆ’ ಅಂದುಬಿಟ್ಟೆ. ಅವರು ಡಸ್ಟರು ಕೆಳಗಿಟ್ಟು ‘ಘರ್ಷಣೆ-ಬಿರ್ಷಣೆ!’ ಎಂದು ನನ್ನ ದನಿಯನ್ನೇ ಅಣಕಿಸಿದರು. ಇಡೀ ವರ್ಗ ನಕ್ಕಿತು. ‘ಈ ಯಂಡುಗುಂಡು ಮಾತಿನಲ್ಲಿ ವಿಜ್ಞಾನ ಹಿಡಿಸುವುದಿಲ್ಲಮ್ಮ’ ಎಂದು ಮರಾಠಿಯಲ್ಲಿ ಹೇಳಿ, ಗಂಟೆ ಬಾರಿಸುವವರೆಗೂ ನಿಲ್ಲಿಸಿದರು. ಯಂಡುಗುಂಡು ಅಂದರೆ ಕನ್ನಡ ಮಾತನ್ನು ಹೀಯಾಳಿಸಲು ಅಲ್ಲಿಯವರು ಬಳಸುವ ಪದ; ಆ ವರ್ಷವಿಡೀ ನನ್ನ ಹೆಸರು ಅದೇ. ಹಾಜರಿ ಕೂಗುವಾಗಲೂ ಹಾಗೆಯೇ ಕರೆಯುತ್ತಿದ್ದರು.

ಕಾಲೇಜು ಬಿಡುತ್ತೇನೆಂದು ಅತ್ತಾಗ ಅವ್ವ ಒಲೆಯ ಮುಂದಿನಿಂದ ಏಳದೆಯೇ ಅಂದಳು: “ನಕ್ರ ನಗಲಿ ಬಿಡು. ನೀ ಬಿಟ್ಟು ಬಂದಿ ಅಂದ್ರ ಅವರು ಗೆದ್ದಂಗ ಆತು.”

ಬಿಡಲಿಲ್ಲ. ಹಟಕ್ಕೆ ಬಿದ್ದು ಅದೇ ವಿಷಯದಲ್ಲಿ ಎಂ.ಎಸ್ಸಿ. ಮುಗಿಸಿದೆ, ಮಿರಜದಲ್ಲಿ ಅಧ್ಯಾಪಕಿಯಾದೆ. ನನ್ನ ವರ್ಗದಲ್ಲಿ ಯಾವ ಭಾಷೆಯಲ್ಲಿ ಬೇಕಾದರೂ ಉತ್ತರ ಹೇಳಬಹುದಿತ್ತು. ಪಾಠ ಮುಗಿದ ಮೇಲೆ ‘ಇವತ್ತು ಎಲ್ಲಿ ತಪ್ಪಿದೆ, ಯಾರು ಬಾಯಿ ತೆಗೆಯಲಿಲ್ಲ’ ಎಂದು ಯೋಚಿಸುವ ರೂಢಿ ಮಾಡಿಕೊಂಡೆ. ಇದನ್ನು ನೋಡಿದವರು ಒಳ್ಳೆಯ ಗುಣ ಅನ್ನುತ್ತಿದ್ದರು, ಬೇರೆ ಕಾಲೇಜುಗಳಿಗೆ ಅಧ್ಯಾಪಕರ ತರಬೇತಿಗೂ ಕರೆಯತೊಡಗಿದರು. ಅದರ ಬೇರಿನಲ್ಲಿದ್ದದ್ದು ಸಿಟ್ಟು.

ಅಷ್ಟರಲ್ಲಿ ಸಾಂಗ್ಲಿ–ಮಿರಜ ರಸ್ತೆಯ ಎರಡೂ ಬದಿಗೆ ಕಂಪ್ಯೂಟರ್ ಕ್ಲಾಸು, ಬೈಕಿನ ಶೋರೂಮು, ಖಾಸಗಿ ಕಾಲೇಜು ಎದ್ದಿದ್ದವು. ಹಾಗೆ ಎದ್ದ ಒಂದು ಕಾಲೇಜಿಗೆ ತಪಾಸಣೆಯ ತಂಡ ಬರುವುದಿತ್ತು. ಅದಕ್ಕೆ ಮೊದಲು ಅಧ್ಯಾಪಕರಿಗೆ ಒಂದು ದಿನದ ತರಬೇತಿ ಆಗಬೇಕೆಂದು ಅಲ್ಲಿಯ ಪ್ರಿನ್ಸಿಪಾಲರು ನನ್ನನ್ನು ಕರೆದರು. ವಿಷಯ: ಎಲ್ಲ ವಿದ್ಯಾರ್ಥಿಗಳನ್ನೂ ಒಳಗೊಳ್ಳುವ ಪಾಠ. ಒಪ್ಪಲು ನನಗೊಂದೇ ಕಾರಣ. ನನ್ನ ಹಳೆಯ ಪ್ರಾಧ್ಯಾಪಕರು ಈಗ ಅಲ್ಲಿ ವಿಭಾಗದ ಮುಖ್ಯಸ್ಥರಾಗಿದ್ದರು.

ಅವರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ನನ್ನ ಗುರುತು ಹತ್ತಲಿಲ್ಲ. ನಾನು ಮರಾಠಿಯಲ್ಲಿ ನಮಸ್ಕಾರ ಹೇಳಿ, ಪಾಠವನ್ನು ಪೂರ್ತಿ ಕನ್ನಡದಲ್ಲೇ ಆರಂಭಿಸಿದೆ. ಅರಿಸಿನದ ಚೀಲವನ್ನು ನೆಲದ ಮೇಲೆ ಎಳೆಯುವ ಉದಾಹರಣೆ ಕೊಟ್ಟು, ಹಲಗೆಯ ಮೇಲೆ ಬಾಣ ಬರೆದು, ಘರ್ಷಣೆ ವಿವರಿಸಿದೆ. ಹೆಚ್ಚಿನವರು ಮರಾಠಿಯವರೇ ಇದ್ದ ಸಭೆಯಲ್ಲಿ ಗುಸುಗುಸು ಎದ್ದಿತು. ನಾನು ನಿಲ್ಲಿಸಲಿಲ್ಲ.

“ಚೀಲಾ ಜಗ್ಗಾಕ ಶುರು ಮಾಡುವಾಗ ಯಾಕ ಹೆಚ್ಚಿಗಿ ಜೋರ ಬೇಕಾಗತೈತಿ?” ಎಂದು ಕೇಳಿ, ಮೊದಲ ಸಾಲಿಗೆ ಕೈ ತೋರಿಸಿದೆ. “ಸರ್, ಎದ್ದು ನಿಂತು ಹೇಳ್ರಿ.”

ಕೈಸನ್ನೆ ಅರ್ಥವಾಗಿ ಅವರು ಎದ್ದರು. ನಕ್ಕರು. ನಾನು ನಗಲಿಲ್ಲ. ಪ್ರಶ್ನೆಯನ್ನು ಮತ್ತೆ ಕೇಳಿದೆ, ಈ ಸಲ ಇನ್ನೂ ಬೇಗ. ‘ಮೇಡಂ, ನನಗೆ ಕನ್ನಡ ಬರುವುದಿಲ್ಲ’ ಎಂದು ಮರಾಠಿಯಲ್ಲಿ ಅಂದರು. ಅವರು ಜೀವಮಾನವಿಡೀ ಕಲಿಸಿದ ಪಾಠ ಅದು, ಕಣ್ಣು ಮುಚ್ಚಿ ಹೇಳಬಹುದಾದ ಉತ್ತರ. ಕೂರಿ ಎಂದು ನಾನು ಅನ್ನಲಿಲ್ಲ.

ಆಗ ಹಿಂದಿನ ಸಾಲಿನಿಂದ ಒಬ್ಬ ಎಳೆಯ ಅಧ್ಯಾಪಕಿ ಕೈ ಎತ್ತಿದಳು. ಕನ್ನಡ ಮನೆಮಾತಿನ ಜತ್ತ ಕಡೆಯವಳು, ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. “ನಿಂತ ಚೀಲಾ ನೆಲಾ ಗಟ್ಟಿಗೆ ಹಿಡದಿರತೈತ್ರಿ ಮ್ಯಾಡಂ. ಒಮ್ಮೆ ಸರದ ಮ್ಯಾಲ ಹಿಡತಾ ಕಮ್ಮಿ ಆಗತೈತಿ.”

“ಭಾಳ ಚಲೋ ಹೇಳಿದ್ರಿ” ಎಂದೆ. ಸಭೆ ಅವಳಿಗೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯ ನಡುವೆ ಅವರು ಇನ್ನೂ ನಿಂತೇ ಇದ್ದರು, ಕಿವಿ ಕೆಂಪಾಗಿತ್ತು. ನನಗೆ ಅದು ಎಷ್ಟು ಸಿಹಿಯಾಯಿತೆಂದರೆ, ಅವರನ್ನೇ ಇನ್ನೊಂದು ಪ್ರಶ್ನೆ ಕೇಳಿದೆ.

ಆಮೇಲೆ ಮರಾಠಿಗೆ ಬಂದು, ಈ ಪಾಠದಲ್ಲಿ ಒಬ್ಬೊಬ್ಬರಿಗೆ ಏನನ್ನಿಸಿತು ಎಂದು ಕೇಳುತ್ತ ಹೋದೆ. ಪ್ರಾಧ್ಯಾಪಕರು ತಮ್ಮ ಸರದಿ ಬಂದಾಗ ‘ಅವಮಾನ’ ಎಂದರು.

ಚಹಾದ ಹೊತ್ತಿಗೆ ನೇರ ನನ್ನ ಹತ್ತಿರ ಬಂದರು. “ಪ್ರತಿ ಕಾಲೇಜಿನಲ್ಲೂ ಹಿರಿಯರನ್ನು ಹೀಗೆಯೇ ನಿಲ್ಲಿಸುತ್ತೀರೇನು?”

“ಇಲ್ಲ ಸರ್. ಇವತ್ತು ನಿಮಗಾಗಿ ಮಾತ್ರ.” ನಾನು ಯಾರು, ಯಾವ ಬ್ಯಾಚು, ನನ್ನನ್ನು ಏನೆಂದು ಕರೆಯುತ್ತಿದ್ದರು ಎಂದು ಹೇಳಿದೆ.

ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. ನಟನೆಯಲ್ಲ, ನಿಜಕ್ಕೂ ನೆನಪಿರಲಿಲ್ಲ. “ಏನೋ ತಮಾಷೆಗೆ ಅಂದಿರಬೇಕು. ಅಷ್ಟಕ್ಕೇ ಇಷ್ಟು ವರ್ಷವೇ?” ಎಂದರು. ನನ್ನ ಒಂದು ಇಡೀ ವರ್ಷ ಅವರಿಗೆ ಒಂದು ತಮಾಷೆಯಷ್ಟೂ ನೆನಪಿರಲಿಲ್ಲ. ಇಳಿದಿದ್ದ ಸಿಟ್ಟು ಪುನಃ ಏರಿತು.

“ಇವತ್ತಿನದು ನೆನಪಿರತೈತಲ್ರಿ?” ಎಂದು ಕನ್ನಡದಲ್ಲೇ ಕೇಳಿ, ಅರ್ಥ ಹೇಳದೆ ಒಳಗೆ ಹೋದೆ.

ಅವರು ದೂರು ಕೊಟ್ಟರು. ಆ ಕಾಲೇಜು ನನ್ನನ್ನು ಮತ್ತೆ ಕರೆಯಲಿಲ್ಲ. ಕೆಲವು ತಿಂಗಳ ನಂತರ ಮಿರಜ ಸ್ಟೇಶನ್ನಿನಲ್ಲಿ ಆ ಜತ್ತದ ಅಧ್ಯಾಪಕಿ ಸಿಕ್ಕಳು. “ಸರ್ ಈಗ ಹುಡುಗರನ ಅಣಕಸೂದು ಬಿಟ್ಟಾರ್ರಿ. ನಾ ವರಾಂಡಾದಾಗ ಹಾದ್ರ ದನೀನೂ ತಗ್ಗಿಸ್ತಾರ. ಮನಸ್ಸ ಬದಲಾತೇನೋ.”

ಮನಸ್ಸು ಬದಲಾಯಿತೋ, ಹೆದರಿಕೆಯೋ ನನಗೆ ಗೊತ್ತಿಲ್ಲ. ತರಬೇತಿಗಳಲ್ಲಿ ಮನಸ್ಸು ಬದಲಾಗಬೇಕು ಎಂದೇ ನಾನು ಹೇಳುತ್ತೇನೆ. ಅವರ ವಿಷಯದಲ್ಲಿ ಮಾತ್ರ, ಅದು ಹೆದರಿಕೆಯಾಗಿದ್ದರೆ ನನಗೆ ಇನ್ನೂ ಹೆಚ್ಚು ಸಂತೋಷ.