ಫೌಂಡೇಶನ್ ಕೇಳುವ ಮಾಸ್ತರರು

ಚಿಕ್ಕೋಡಿಯ ಹೊಸ ಪಿಯು ಕಾಲೇಜಿನಲ್ಲಿ ನೀಟ್ ಬ್ಯಾಚಿಗೆ ಮಕ್ಕಳನ್ನು ಆರಿಸುವವರು ಬಾಳಾಸಾಬ ಮಾಸ್ತರರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಫ್ಯಾನಿನ ಕೆಳಗೇ ಖುರ್ಚಿ. ಯಾರು ಬಂದರೂ ಮೊದಲು ಚಹಾ ಹೇಳುತ್ತಾರೆ. ಚಹಾ ಬರುವುದರೊಳಗೆ ಮಗುವಿನ ಹಣೆಬರಹ ಬರೆದು ಮುಗಿಸಿರುತ್ತಾರೆ. ಹತ್ತನೆಯ ತರಗತಿಯ ಅಂಕಗಳನ್ನು ಅವರು ನೋಡುವುದು ನೆಂಟರ ಮದುವೆಯ ಫೋಟೋ ನೋಡಿದ ಹಾಗೆ, ಬರೀ ಮರ್ಯಾದೆಗೆ. "ಮಾರ್ಕ್ಸ್ ಎಲ್ಲಾರಿಗೂ ಬರ್ತಾವ್ರಿ. ಎಂಟನೇ ಇಯತ್ತೆಯಿಂದ ಫೌಂಡೇಶನ್ ಕ್ಲಾಸ್ ಆಗೈತೇನು, ಅದನ್ನ ಹೇಳ್ರಿ" ಎನ್ನುತ್ತಾರೆ. ನಿಪ್ಪಾಣಿ, ಅಥಣಿಯ ದೊಡ್ಡ ಶಾಲೆಗಳ ಮಕ್ಕಳು ಪಿಯು ಪಾಠವನ್ನು ಮೀಸೆ ಮೂಡುವ ಮೊದಲೇ ಓದಿ ಬಂದಿರುತ್ತಾರೆ. ಅವರಿಗೆ ಮಾಸ್ತರರು ಎದ್ದು ನಿಂತು ಕೈ ಕುಲುಕುತ್ತಾರೆ. ಉಳಿದವರ ಬೆನ್ನು ತಟ್ಟಿ, "ಆರ್ಟ್ಸ್ ಭಾಳ ಚಲೋ ಐತಿ" ಎನ್ನುತ್ತಾರೆ. ಅಷ್ಟು ಚಲೋ ಇದ್ದದ್ದನ್ನು ತಮ್ಮ ಮಗನಿಗೆ ಮಾತ್ರ ಕೊಡಿಸಲಿಲ್ಲ. ಈ ಸಲ ಕರೋಶಿ ಕಡೆಯ ಸರಕಾರಿ ಶಾಲೆಗೆ ಮೊದಲಿಗಳಾದ ಉಜ್ವಲಾ ತಾಯಿಯೊಂದಿಗೆ ಬಂದು ಕೂತಳು. "ನಮ್ಮ ಸಾಲ್ಯಾಗ ಅಂಥಾ ಕ್ಲಾಸ್ ಇರಲಿಲ್ರಿ ಸರ್" ಎಂದಳು. "ಹಂಗಾದ್ರ ನಿಮಗ ವಿಜ್ಞಾನ ಯಾರು ಕಲಿಸ್ತಿದ್ರು?" ಎಂದು ಮಾಸ್ತರರು ನಕ್ಕರು. ಹುಡುಗಿ ಅವರ ಮುಖವನ್ನೇ ನೋಡಿದಳು. "ನೀವ ಕಲಿಸಿದ್ರಲ್ರಿ ಸರ್. ನೀವು ರಿಟೈರ್ ಆಗೂತನಾ ನೀವ." ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ತಾಯಿಯ ಕಡೆ ತಿರುಗಿ, "ಈ ಬ್ಯಾಚಿನ್ಯಾಗ ಹುಡುಗಿ ತಾಳಂಗಿಲ್ಲ ಬಿಡ್ರಿ" ಎಂದರು. ಎಷ್ಟೆಂದರೂ ಕಲಿಸಿದ ಗುರುಗಳಲ್ಲವೇ, ಉಜ್ವಲಾ ಅವರ ಕಾಲು ಮುಟ್ಟಿ ನಮಸ್ಕರಿಸಿಯೇ ಹೊರಗೆ ಹೋದಳು.